ಓದದೆ ಬಿಟ್ಟ ಮೂರು ಫಾರಂ

ನನ್ನ ಬೀಳ್ಕೊಡುಗೆಯ ದಿನ ಮೂರು ಜನ ಭಾಷಣ ಮಾಡಿದರು. ಮೂವರೂ ನನ್ನ ತಾಳ್ಮೆಯನ್ನೇ ಹೊಗಳಿದರು. ಇಪ್ಪತ್ತೆರಡು ವರ್ಷ ಹಳೆಯ ಪುಸ್ತಕಗಳ ಬೆನ್ನು ಹೊಲಿಯುತ್ತ ಕುಳಿತವಳಿಗೆ ತಾಳ್ಮೆ ಇರಲೇಬೇಕೆಂದು ಅವರು ಎಣಿಸಿರಬೇಕು. ನನಗೆ ತಾಳ್ಮೆ ಇರಲಿಲ್ಲ, ಈಗಲೂ ಇಲ್ಲ. ನನಗೆ ಇದ್ದದ್ದು ಸಿಟ್ಟು. ಬಾಯಲ್ಲಿ ನೂಲು ಕಚ್ಚಿಕೊಂಡು ಕೆಲಸ ಮಾಡುವವಳಾದ್ದರಿಂದ ಅದು ಹೊರಗೆ ಬರುತ್ತಿರಲಿಲ್ಲ, ಅಷ್ಟೆ. ಒಬ್ಬರಾದರೂ ನನ್ನ ಮೈದಾ ಅಂಟಿನ ವಿಷಯ ಎತ್ತುತ್ತಾರೋ ಎಂದು ಕಾದೆ. ಎತ್ತಲಿಲ್ಲ. ಕೊನೆಗೆ ಗಾಜಿನ ಒಂದು ಫಲಕ ಕೊಟ್ಟು ಕೇಕ್ ಕತ್ತರಿಸಿದರು.

ನನ್ನ ಜಾಗಕ್ಕೆ ಬಂದಿರುವ ಪುತ್ತೂರಿನ ಹುಡುಗಿ ಮರುದಿನ ಕತಾರಿನ ನಜ್ಮಾ ಬಡಾವಣೆಯ ನಮ್ಮ ಮನೆಗೆ ಬಂದು, ಕೆಲಸ ನಿಜವಾಗಿ ಹೇಗಿರುತ್ತದೆಂದು ಸ್ವಲ್ಪ ಬರೆದು ಕೊಡಬೇಕೆಂದು ಕೇಳಿದಳು. ಆಫೀಸಿನವರು ಅವಳಿಗೆ ಕೊಟ್ಟ ದಪ್ಪ ಕೈಪಿಡಿಯಲ್ಲಿ ಕೈಗವಸು ಯಾವಾಗ ಹಾಕಬೇಕು, ಯಾವಾಗ ಕಳಚಬೇಕು ಎನ್ನುವುದಕ್ಕೇ ನಾಲ್ಕು ಪುಟವಂತೆ. ಆದ್ದರಿಂದ ಬರೆಯುತ್ತಿದ್ದೇನೆ. ಕನ್ನಡದಲ್ಲೇ ಬರೆಯುತ್ತೇನೆ. ಒಂದು, ನನಗೆ ಸರಿಯಾಗಿ ಬರೆಯಲು ಬರುವುದು ಅದೊಂದೇ. ಎರಡು, ಇದರೊಳಗೆ ಬರುವ ಕೆಲವರಿಗೆ ಕನ್ನಡ ಬರುವುದಿಲ್ಲ.

ನಾನು ಕೆಲಸ ಕಲಿತದ್ದು ಮಂಗಳೂರಿನ ಒಂದು ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿ, ಹತ್ತನೆಯ ಕ್ಲಾಸು ಮುಗಿದ ವರ್ಷ. ನೆಲದ ಮೇಲೆ ಸಾಲಾಗಿ ಕುಳಿತು ನಾವು ಹೆಂಗಸರು ಬೆಳಿಗ್ಗೆಯಿಂದ ಸಂಜೆಯವರೆಗೆ ಫಾರಂ ಮಡಚುತ್ತಿದ್ದೆವು. ಫಾರಂ ಎಂದರೆ ಏನೆಂದು ಈಗಿನವರಿಗೆ ಹೇಳಬೇಕಾಗುತ್ತದೆ. ಒಂದು ದೊಡ್ಡ ಹಾಳೆ. ಒಂದು ಬದಿಯಲ್ಲಿ ಎಂಟು ಪುಟ, ಇನ್ನೊಂದು ಬದಿಯಲ್ಲಿ ಎಂಟು ಪುಟ, ಅರ್ಧ ನೆಟ್ಟಗೆ, ಅರ್ಧ ತಲೆಕೆಳಗಾಗಿ ಅಚ್ಚಾಗಿರುತ್ತವೆ. ಅದನ್ನು ಮೂರು ಸಲ ಮಡಚಿದರೆ ಹದಿನಾರು ಪುಟಗಳೂ ತಮ್ಮ ತಮ್ಮ ಕ್ರಮದಲ್ಲಿ ಬಂದು ಕೂರುತ್ತವೆ. ಅದೇ ಒಂದು ಫಾರಂ. ಫಾರಂಗಳನ್ನು ಜೋಡಿಸಿ ಬೆನ್ನಿಗೆ ಹೊಲಿದು ಕಟಿಂಗ್ ಮಿಷನ್ನಿಗೆ ಕೊಟ್ಟರೆ ಅದು ಮೇಲೆ, ಕೆಳಗೆ, ಮುಂದೆ ಮೂರು ಬದಿ ಹೊಡೆಯುತ್ತದೆ. ಮಡಿಕೆಗಳೆಲ್ಲ ತುಂಡಾಗಿ ಪುಟಗಳು ಬಿಡಿಸಿಕೊಳ್ಳುತ್ತವೆ. ಮೂರು ಬದಿ ಹೊಡೆಯದ ಪುಸ್ತಕ ನಮ್ಮ ಲೆಕ್ಕದಲ್ಲಿ ಪುಸ್ತಕವೇ ಅಲ್ಲ, ಅರ್ಧ ಕೆಲಸ.

ಮದುವೆಯಾದ ಮೇಲೆ ಕತಾರಿಗೆ ಬಂದೆ. ನಮ್ಮವರು ಮೆಸಯೀದ್‌ನ ಒಂದು ಪ್ಲಾಂಟಿನಲ್ಲಿ ಟೆಕ್ನಿಷಿಯನ್, ಈಗಲೂ ಇದ್ದಾರೆ, ಇನ್ನೊಂದು ವರ್ಷವಿದೆ. ಮೊದಲು ಕಂಪೆನಿಯ ಕ್ವಾರ್ಟರ್ಸ್, ಮಗಳನ್ನು ಶಾಲೆಗೆ ಹಾಕಿದ ಮೇಲೆ ನಜ್ಮಾ. ನಜ್ಮಾದ ಒಂದು ಸಣ್ಣ ಪ್ರೆಸ್ಸಿನಲ್ಲಿ ಬಿಲ್ ಪುಸ್ತಕ ಹೊಲಿಯುತ್ತಿದ್ದವಳನ್ನು ಯಾರೋ ನೋಡಿ ಊರ ನಡುವಿನ ಮುಶೈರಿಬ್‌ಗೆ ಕರೆದರು. ಅಲ್ಲಿ ವ್ಯಾಪಾರಿ ಮನೆತನವೊಂದು ಈ ಸಮುದ್ರದ, ಈ ಕರಾವಳಿಯ ಬಗ್ಗೆ ಯಾವ ಭಾಷೆಯಲ್ಲಿ ಏನು ಅಚ್ಚಾಗಿದ್ದರೂ ಕೊಂಡು ಕೂಡಿಸುತ್ತಿತ್ತು. ಕೊಂಡದ್ದರಲ್ಲಿ ಅರ್ಧ ಗೆದ್ದಲು ತಿಂದದ್ದು. ಅದನ್ನು ಸರಿಮಾಡುವುದು ನನ್ನ ಕೆಲಸ. ಹನ್ನೊಂದು ವರ್ಷ ನನ್ನ ಕಾಗದಪತ್ರದಲ್ಲಿ ಹುದ್ದೆಯ ಹೆಸರು ಕ್ಲೀನರ್ ಎಂದೇ ಇತ್ತು. ಅದನ್ನು ಸರಿಮಾಡಿಸಲು ನಾನು ಹತ್ತಿ ಇಳಿದ ಮೆಟ್ಟಿಲುಗಳ ಕಥೆ ಇಲ್ಲಿ ಬೇಡ, ಬರೆಯಲು ಕುಳಿತರೆ ಈಗಲೂ ಮೈ ಉರಿಯುತ್ತದೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಸೇರಿದ ಮೊದಲ ತಿಂಗಳು. ಆಗಿನ ಮುಖ್ಯಸ್ಥರು ಸುಡಾನಿನ ಒಬ್ಬ ಮುದುಕರು, ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಅವರು ಒಂದು ತೆಳ್ಳಗಿನ ಫ್ರೆಂಚ್ ಪುಸ್ತಕ ಕೊಟ್ಟು ಹೊಲಿಗೆ ಬಿಗಿ ಮಾಡು ಎಂದರು. ನೋಡುತ್ತೇನೆ, ಹಾಳೆಗಳು ಮೇಲೂ ಮುಂದೂ ಮಡಿಕೆಯಲ್ಲೇ ಇವೆ, ಒಳಗಿನ ಪುಟ ತೆರೆಯಲು ಬರುವುದಿಲ್ಲ. ಪ್ರೆಸ್ಸಿನವರು ಮೂರು ಬದಿ ಹೊಡೆಯಲು ಮರೆತಿದ್ದಾರೆ ಎಂದುಕೊಂಡೆ. ನೂರೈವತ್ತು ವರ್ಷದಿಂದ ಯಾರ ಕಣ್ಣಿಗೂ ಬೀಳದ ತಪ್ಪು ನನ್ನ ಕಣ್ಣಿಗೆ ಬಿತ್ತಲ್ಲ ಎಂದು ಹೆಮ್ಮೆಯೂ ಆಯಿತು. ಕೆಳಗೆ ಕಟಿಂಗ್ ಮಿಷನ್ ಇತ್ತು. ಹೋಗಿ ಮೂರು ಬದಿ ನೀಟಾಗಿ ಹೊಡೆದು ತಂದು ಅವರ ಮೇಜಿನ ಮೇಲಿಟ್ಟೆ.

ಉಸ್ತಾದ್ ಪುಸ್ತಕ ನೋಡಿ ಕುರ್ಚಿಯಲ್ಲಿ ಕುಸಿದರು. ಬೈಯಲಿಲ್ಲ. ಆ ಕಾಲದ ಫ್ರಾನ್ಸಿನಲ್ಲಿ ಪುಸ್ತಕಗಳನ್ನು ಮಡಿಕೆ ಬಿಡಿಸದೆಯೇ ಮಾರುತ್ತಿದ್ದರಂತೆ. ಕೊಂಡವನು ಒಂದು ಕೈಯಲ್ಲಿ ಚಾಕು ಹಿಡಿದು, ಓದುತ್ತ ಓದುತ್ತ ಒಂದೊಂದೇ ಪುಟ ಬಿಡಿಸಿಕೊಳ್ಳಬೇಕು. ಹೀಗೆ ಬಿಡಿಸಿದ್ದನ್ನು ನೋಡಿಯೇ ಯಾರು ಎಲ್ಲಿಯವರೆಗೆ ಓದಿದ್ದಾರೆಂದು ಹೇಳಬಹುದು. ಅಂಚಿನಲ್ಲಿ ಪೆನ್ಸಿಲಿನಿಂದ ಯಾರೋ ಬರೆದಿದ್ದ ಟಿಪ್ಪಣಿಗಳೂ ನನ್ನ ಮಿಷನ್ನಿಗೆ ಹೋಗಿದ್ದವು. ನಮ್ಮ ಡ್ರೈವರ್ ಹಮೀದ್, ಉಳ್ಳಾಲದವರು, ಕಸದ ಚೀಲದಿಂದ ಆ ಪಟ್ಟಿಗಳನ್ನೆಲ್ಲ ಹೆಕ್ಕಿ ತಂದರು. ಇಬ್ಬರೂ ಕುಳಿತು ಎರಡು ದಿನ ಅವುಗಳನ್ನು ಪುಟದ ಪ್ರಕಾರ ಜೋಡಿಸಿ ಲಕೋಟೆಗೆ ಹಾಕಿದೆವು. ಹೊಸಬರಿಗೆ ನಾನು ಹೇಳುವುದು ಒಂದೇ. ನಿಮಗೆ ಚೆನ್ನಾಗಿ ಗೊತ್ತಿರುವ ಕೆಲಸದಲ್ಲೇ ನೀವು ದೊಡ್ಡ ಹಾನಿ ಮಾಡುತ್ತೀರಿ. ಗೊತ್ತಿಲ್ಲದ್ದರಲ್ಲಿ ಕೈ ತಾನೇ ಹಿಂಜರಿಯುತ್ತದೆ.

ಇನ್ನು ಅಂಟಿನ ವಿಷಯ. ಮಂಗಳೂರಿನಲ್ಲಿ ಮೈದಾ ಕುದಿಸಿ, ಹುಳ ಹಿಡಿಯದಂತೆ ಚಿಟಿಕೆ ಮೈಲುತುತ್ತು ಹಾಕಿ ಅಂಟು ಮಾಡುತ್ತಿದ್ದೆವು. ಮೈಲುತುತ್ತು ಹಳೆಯ ಕಾಗದಕ್ಕೆ ಆಗದು ಎಂದು ಉಸ್ತಾದ್ ಬಿಡಿಸಿದರು. ಬರಿ ಮೈದಾ ಅಂಟು ಮುಂದುವರಿಯಿತು. ಅವರು ಊರಿಗೆ ಹೋದ ಮೇಲೆ ಹೊರದೇಶದಿಂದ ಒಂದು ತಂಡ ಬಂದು, ನನ್ನ ಪಾತ್ರೆ ನೋಡಿ ಮೂಗು ಮುರಿದು, ಇದು ಅಡುಗೆಮನೆ ಅಲ್ಲ ಎಂದು ವರದಿ ಬರೆಯಿತು. ಡಬ್ಬಿಯಲ್ಲಿ ಬಂದ ಬಿಳಿ ಅಂಟು ಬಳಸಲು ಅಪ್ಪಣೆಯಾಯಿತು. ಅದು ಒಣಗಿದ ಮೇಲೆ ನೀರಿಗೂ ಬಿಡುವುದಿಲ್ಲ. ಮುಂದೆ ಯಾರಾದರೂ ಪುಸ್ತಕ ಬಿಚ್ಚಬೇಕಾದರೆ ಹಾಳೆಯೇ ಹರಿಯುತ್ತದೆ. ಹೇಳಿದೆ, ಯಾರೂ ಕೇಳಲಿಲ್ಲ. ನಾಲ್ಕು ವರ್ಷದ ನಂತರ ಅದೇ ದೇಶದಿಂದ ಇನ್ನೊಬ್ಬರು ಬಂದು, ಗೋಧಿಹಿಟ್ಟಿನ ಅಂಟೇ ಎಲ್ಲಕ್ಕಿಂತ ಉತ್ತಮ ಎಂದು ಮೂರು ದಿನ ತರಬೇತಿ ಕೊಟ್ಟು, ಅಂಟು ಕುದಿಸಲು ಕಲಿತಿದ್ದಾಳೆ ಎಂದು ನನಗೊಂದು ಸರ್ಟಿಫಿಕೇಟು ಕೊಟ್ಟರು. ಅದನ್ನು ಮನೆಯಲ್ಲಿ ಅಕ್ಕಿ ಡಬ್ಬದ ಕೆಳಗೆ ಹಾಸಿದ್ದೇನೆ.

ಈಗ ಆ ಪುಸ್ತಕದ ಕಥೆ. ಇದನ್ನು ಬರೆಯಲೆಂದೇ ಇಷ್ಟು ಸುತ್ತು ಬಳಸಿದೆ ಎಂದರೂ ತಪ್ಪಿಲ್ಲ.

ಉಸ್ತಾದರ ನಂತರ ಸಂಗ್ರಹವನ್ನು ನೋಡಿಕೊಳ್ಳಲು ಒಬ್ಬರು ಕನ್ಸಲ್ಟೆಂಟ್ ಬಂದರು. ಯಾವ ದೇಶದವರೆಂದು ಹೇಳುವುದಿಲ್ಲ, ಆ ದೇಶದಲ್ಲಿ ಒಳ್ಳೆಯವರೂ ಇದ್ದಾರೆ. ಅದೇ ವರ್ಷ ಪುಸ್ತಕಗಳ ಪಟ್ಟಿ ಮಾಡಲು ಟ್ಯುನಿಶಿಯಾದ ಸಾಮಿಯಾ ಸೇರಿದಳು. ಅವಳಿಗೆ ಫ್ರೆಂಚ್, ಅರಬ್ಬಿ ಎರಡೂ ನೀರು ಕುಡಿದ ಹಾಗೆ. ನನ್ನ ಮಗಳಿಗಿಂತ ಏಳೆಂಟು ವರ್ಷ ದೊಡ್ಡವಳು. ಅವಳ ದುಡಿಮೆಯ ಮೇಲೆ ಊರಿನಲ್ಲಿ ತಂಗಿಯ ಓದು ನಡೆಯುತ್ತಿತ್ತು. ನಾನು, ಸಾಮಿಯಾ, ಹಮೀದ್, ಮೂವರೂ ಹತ್ತು ಗಂಟೆಯ ಚಹಾಕ್ಕೆ ನನ್ನ ಕೋಣೆಯಲ್ಲಿ ಸೇರುತ್ತಿದ್ದೆವು.

ಒಂದು ದಿನ ಯುರೋಪಿನ ಹರಾಜಿನಿಂದ ಒಂದು ಪುಸ್ತಕ ಬಂತು. ಫ್ರಾನ್ಸಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚಾದ ನಗೆಯ ಪ್ರವಾಸ ಕಾದಂಬರಿ. ಬರೆದವನ ಹೆಸರನ್ನು ಸಾಮಿಯಾ ಸಹ ಕೇಳಿರಲಿಲ್ಲ. ಬೆನ್ನು ಒಡೆದಿತ್ತು, ಹೊರಗಿನ ಹಳದಿ ಕಾಗದ ಹಪ್ಪಳದ ಹಾಗೆ ಮುರಿಯುತ್ತಿತ್ತು. ಕೊನೆಯ ಭಾಗದಲ್ಲಿ ಕಥೆ ನಮ್ಮ ಈ ಸಮುದ್ರಕ್ಕೆ, ಮುತ್ತು ತೆಗೆಯುವವರ ಊರಿಗೆ ಬರುತ್ತದೆ ಎನ್ನುವ ಕಾರಣಕ್ಕೆ ಅದನ್ನು ಕೊಂಡಿದ್ದರು.

ಸಾಮಿಯಾ ಪಟ್ಟಿಗೆ ಸೇರಿಸುವ ಮೊದಲು ಓದತೊಡಗಿದಳು. ಓದಿದ್ದನ್ನು ದಿನಾ ಚಹಾದ ಹೊತ್ತಿಗೆ ಇಂಗ್ಲಿಷು ಅರಬ್ಬಿ ಬೆರೆಸಿ ನಮಗೆ ಹೇಳುತ್ತಿದ್ದಳು. ನನಗೆ ತಪ್ಪಿದ್ದನ್ನು ಹಮೀದ್ ತುಳುವಿನಲ್ಲಿ ತುಂಬುತ್ತಿದ್ದರು. ಕಥಾನಾಯಕ ಸಣ್ಣ ಊರಿನ ತೂಕ ಅಳತೆಯ ಇನ್ಸ್‌ಪೆಕ್ಟರ್. ಅಂಗಡಿಗಳ ತಕ್ಕಡಿ ಪರೀಕ್ಷಿಸಿ ದಂಡ ಹಾಕುವವನು. ಮಖಮಲ್ಲಿನ ಪೆಟ್ಟಿಗೆಯಲ್ಲಿ ಸರಕಾರದ ಮುದ್ರೆಯಿರುವ ಒಂದು ಕಿಲೋದ ಹಿತ್ತಾಳೆಯ ತೂಕದ ಬಟ್ಟನ್ನು ಸದಾ ಜೊತೆಯಲ್ಲಿಟ್ಟುಕೊಂಡಿರುತ್ತಾನೆ. ರಾಜಧಾನಿಯ ಗುಮಾಸ್ತನೊಬ್ಬ ಎರಡು ಪತ್ರಗಳನ್ನು ಅದಲು ಬದಲು ಲಕೋಟೆಗೆ ಹಾಕಿದ್ದರಿಂದ ಇವನಿಗೆ ಪ್ರಪಂಚದ ಬಂದರುಗಳ ತಕ್ಕಡಿಯನ್ನೆಲ್ಲ ಪರೀಕ್ಷಿಸಲು ಆಜ್ಞೆ ಬರುತ್ತದೆ. ಹೊರಟ ಮೂರನೆಯ ದಿನ ಹಡಗಿನ ಅಡುಗೆಯವನು ಅವನ ಬಟ್ಟನ್ನು ಉಪ್ಪಿನಕಾಯಿ ಜಾಡಿಯ ಮುಚ್ಚಳದ ಮೇಲೆ ಭಾರಕ್ಕಿಡುತ್ತಾನೆ. ಜಾಡಿ ಯಾವುದೋ ಬಂದರಿನಲ್ಲಿ ಇಳಿದುಹೋಗುತ್ತದೆ. ಅಲ್ಲಿಂದ ಬಂದರಿನಿಂದ ಬಂದರಿಗೆ ಬಟ್ಟಿನ ಹಿಂದೆ ಇವನು. ಬಟ್ಟಿಲ್ಲದಿದ್ದರೂ ದಂಡ ಹಾಕುವುದನ್ನು ಮಾತ್ರ ಬಿಡುವುದಿಲ್ಲ.

ನಾವು ನಕ್ಕದ್ದಕ್ಕೆ ಮಿತಿಯಿಲ್ಲ. ಹಮೀದ್ ಬೆಳಿಗ್ಗೆ ವ್ಯಾನಿನಲ್ಲೇ ಕೇಳುತ್ತಿದ್ದರು, "ಸುಲೋಚನಕ್ಕ, ಆ ತಕ್ಕಡಿ ಸಾಹೇಬ ಇವತ್ತು ಎಲ್ಲಿಗೆ ಮುಟ್ಟುತ್ತಾನೆ?" ಅವನು ಮಂಗಳೂರಿನ ನಮ್ಮ ಬಂದರಿನ ಮೀನು ಮಾರ್ಕೆಟಿಗೆ ಬಂದಿದ್ದರೆ ಹೆಂಗಸರು ಏನು ಮಾಡುತ್ತಿದ್ದರು ಎಂದು ಅವರೇ ಒಂದು ಅಧ್ಯಾಯ ಸೇರಿಸಿದರು, ಅದನ್ನು ಬರೆಯುವ ಹಾಗಿಲ್ಲ.

ಇನ್ಸ್‌ಪೆಕ್ಟರ್ ಏಡನ್ ದಾಟಿ, ಮಸ್ಕತ್ ದಾಟಿ, ಹಡಗು ಕೊಲ್ಲಿಯೊಳಗೆ ತಿರುಗಿತು. ಮರುದಿನ ಸಾಮಿಯಾ ಬರಿಗೈಯಲ್ಲಿ ಬಂದು ಕುಳಿತಳು. ಮುಂದಿನ ಪುಟಗಳು ಮುಚ್ಚಿವೆ ಎಂದಳು. ಮೊದಲು ಓದಿದವನು ಯಾರೋ, ಒರಟು ಚಾಕುವಿನಲ್ಲಿ ಅಲ್ಲಿಯವರೆಗೆ ಬಿಡಿಸಿಕೊಂಡು ಬಂದವನು, ಸರಿಯಾಗಿ ಅಲ್ಲಿ ಬೇಸತ್ತು ಬಿಟ್ಟಿದ್ದ. ಕೊನೆಯ ಮೂರು ಫಾರಂ, ನಲವತ್ತೆಂಟು ಪುಟ, ಪ್ರೆಸ್ಸಿನಿಂದ ಬಂದ ಹಾಗೇ ಮಡಿಕೆಯಲ್ಲಿತ್ತು. ಯಾವ ಭಾಗಕ್ಕಾಗಿ ಪುಸ್ತಕ ಕೊಂಡಿದ್ದರೋ ಅದೇ ಭಾಗ.

ಬಿಡಿಸೋಣ ಎಂದು ಸಾಮಿಯಾ ಕನ್ಸಲ್ಟೆಂಟರಿಗೆ ಬರೆದಳು. ಅವರು ಖುದ್ದಾಗಿ ಕೆಳಗೆ ಬಂದರು. ಮುಚ್ಚಿದ ಹಾಳೆಯ ಪ್ರತಿ ಅಪರೂಪ, ಕತ್ತರಿಸಿದರೆ ಅದರ ಮೌಲ್ಯವೇ ಹೋಗುತ್ತದೆ, ಹೀಗೆಯೇ ಗಾಜಿನ ಪೆಟ್ಟಿಗೆಯಲ್ಲಿ ಪ್ರದರ್ಶನಕ್ಕಿಡುತ್ತೇವೆ ಎಂದರು. ಹೋಗುವಾಗ ನನ್ನ ಕಡೆ ತಿರುಗಿ, ನಿನ್ನ ಹಳೆಯ ದಾಖಲೆ ಓದಿದ್ದೇನೆ, ಈ ಪುಸ್ತಕದ ಹತ್ತಿರ ಚಾಕು ಬರಕೂಡದು ಎಂದೂ ಹೇಳಿದರು.

ನೀವೇ ಯೋಚಿಸಿ. ಒಬ್ಬ ಬರೆದ, ಹತ್ತಾರು ಜನ ಅಕ್ಷರ ಜೋಡಿಸಿದರು, ಯಾರೋ ನನ್ನಂಥ ಹೆಂಗಸರು ಕುಳಿತು ಮಡಚಿದರು, ಹೊಲಿದರು. ಇದೆಲ್ಲ ಯಾರಾದರೂ ಓದಲಿ ಎಂದು. ಓದಿದರೆ ಅದರ ಬೆಲೆ ಇಳಿಯುತ್ತದಂತೆ, ಓದದೆ ಇಟ್ಟರೆ ಏರುತ್ತದಂತೆ. ಈ ಮಾತನ್ನು ಕೇಳಿಯೂ ಸುಮ್ಮನಿರಬೇಕಾದ ಕಡೆ ನಾನು ಕೆಲಸ ಮಾಡಿದೆ. ಸಾಮಿಯಾ ಬೇರೆ ಪ್ರತಿ ಹುಡುಕಿದಳು. ದೂರದ ಒಂದು ಗ್ರಂಥಾಲಯದಲ್ಲಿ ಇದೆಯೆಂದು ಗೊತ್ತಾಗಿ ಪುಟಗಳ ಫೋಟೋ ಕೇಳಿ ಮೂರು ಸಲ ಬರೆದಳು. ಉತ್ತರ ಬರಲಿಲ್ಲ.

ಆದರೆ ಪ್ರದರ್ಶನದಲ್ಲಿ ಪುಸ್ತಕದ ಪಕ್ಕದಲ್ಲಿಡುವ ವಿವರದ ಚೀಟಿ ಸಿದ್ಧವಾಯಿತು. ಪುಸ್ತಕದ ಕೊನೆಯಲ್ಲಿ ಅಧ್ಯಾಯಗಳ ಹೆಸರಿರುವ ಒಂದು ಬಿಡಿ ಹಾಳೆ ಇತ್ತು. ಅದರಲ್ಲಿ ಮುತ್ತಿನ ಕರಾವಳಿಯಲ್ಲಿ ನಮ್ಮ ನಾಯಕ ಕರ್ತವ್ಯ ನೆರವೇರಿಸಿದ್ದು ಎಂದು ಒಂದು ಸಾಲು. ಅಷ್ಟನ್ನೇ ಹಿಡಿದು ಕನ್ಸಲ್ಟೆಂಟ್ ಸಾಹೇಬರು, ಲೇಖಕನು ಇಲ್ಲಿನ ಮುತ್ತುಗಾರರ ಬದುಕನ್ನು ಪ್ರೀತಿ ಗೌರವಗಳಿಂದ ಚಿತ್ರಿಸಿದ್ದಾನೆ ಎಂದು ಆರು ಸಾಲು ಬರೆದರು. ಕೆಳಗೆ, ಓದಿ ಖಚಿತಪಡಿಸಲಾಗಿದೆ ಎಂಬ ಜಾಗದಲ್ಲಿ ಸಾಮಿಯಾ ಸಹಿ ಹಾಕಬೇಕು. ನಿಯಮದ ಪ್ರಕಾರ ಆ ಸಹಿ ಪಟ್ಟಿ ಮಾಡುವವರದ್ದೇ ಆಗಬೇಕು.

ಅವಳು ಹಾಕಲಿಲ್ಲ. ಓದದ್ದನ್ನು ಓದಿದ್ದೇನೆಂದು ಬರೆಯಲಾರೆ ಎಂದಳು. ಮೊದಲು ನಯವಾಗಿ ಹೇಳಿದರು, ಆಮೇಲೆ ಜೋರಾಗಿ. ಕೊನೆಗೆ, ಪ್ರದರ್ಶನ ಶುರುವಾಗುವುದರೊಳಗೆ ಸಹಿ ಬರದಿದ್ದರೆ ಅವಳ ಕಾಂಟ್ರ್ಯಾಕ್ಟ್ ಮುಂದುವರಿಸುವ ಅಗತ್ಯ ಕಾಣುವುದಿಲ್ಲ ಎಂದು ಆಫೀಸಿನಿಂದ ಪತ್ರವೇ ಬಂತು. ಅವಳು ಅದನ್ನು ತಂದು ನನ್ನ ಮೇಜಿನ ಮೇಲಿಟ್ಟು ಚಹಾ ಕುಡಿದಳು.

"ಒಂದು ಸಹಿಗೆ ಎಂತಕ್ಕೆ ಇಷ್ಟು ಹಠ ಅಕ್ಕ? ನಾವು ದಿನಾ ಎಷ್ಟು ಕಡೆ ಹಾಕುದಿಲ್ಲ?" ಎಂದು ಹಮೀದ್ ನನ್ನನ್ನು ಬೇರೆಯಾಗಿ ಕೇಳಿದರು. ಅವರು ಒಳ್ಳೆಯ ಮನುಷ್ಯ, ಆ ಹುಡುಗಿ ಹೋಗಬಾರದೆಂದೇ ಕೇಳಿದ್ದು. ನನಗೆ ಸಿಟ್ಟು ಬಂದದ್ದು ನಿಜ, ಆದರೆ ಯಾರ ಮೇಲೆಂದು ತಿಳಿಯಲಿಲ್ಲ.

ಗಾಜಿನ ಪೆಟ್ಟಿಗೆಗೆ ಹೋಗುವ ಮೊದಲು ಬೆನ್ನು ಸರಿಯಾಗಬೇಕಿತ್ತು. ಮೇಲಿಂದ ಸ್ವಲ್ಪ ಅಂಟು ಹಚ್ಚಿದರೆ ಸಾಕು ಎಂದು ಕನ್ಸಲ್ಟೆಂಟ್ ಹೇಳಿದ್ದರು. ಹಳೆಯ ನೂಲು ಕೊಳೆತಿತ್ತು, ಅಂಟು ನಿಲ್ಲುವ ಹಾಗಿರಲಿಲ್ಲ. ಹೊಲಿಗೆ ಬಿಚ್ಚಿ ಹೊಸದಾಗಿ ಹೊಲಿಯಬೇಕೆಂದು ಕೆಲಸದ ಹಾಳೆಯಲ್ಲಿ ಬರೆದು ಸಹಿಗೆ ಕಳಿಸಿದೆ. ಅವರು ಓದದೆ ಸಹಿ ಹಾಕಿ ಕಳಿಸಿದರು. ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಬೆಳಿಗ್ಗೆ ಕುಳಿತು ಬೆನ್ನಿನ ಹಳೆಯ ಅಂಟನ್ನು ತೇವ ಮಾಡಿ ಮೃದುಗೊಳಿಸಿದೆ. ನೂಲು ಕತ್ತರಿಸಿ ಮೊದಲಿನ ಫಾರಂಗಳನ್ನು ಒಂದೊಂದಾಗಿ ಎತ್ತಿಟ್ಟೆ. ಅವುಗಳ ಮಡಿಕೆ ಬಿಡಿಸಿದ್ದರಿಂದ ಜೋಡಿ ಹಾಳೆಗಳಾಗಿ ಬಂದವು. ಕೊನೆಯ ಮೂರರಲ್ಲಿ ಮೊದಲನೆಯದನ್ನು ಎತ್ತಿದೆ. ಅದು ಇಡಿಯಾಗಿ ಕೈಗೆ ಬಂತು. ಆಗ ನನ್ನ ಬೆರಳಿಗೆ ತಿಳಿಯಿತು, ತಲೆಗೆ ತಿಳಿಯುವ ಮೊದಲು. ಹೊಲಿಗೆಯೇ ಇಲ್ಲವೆಂದ ಮೇಲೆ ಇದೊಂದು ಮಡಚಿದ ಹಾಳೆ ಮಾತ್ರ. ಮೂರು ಸಲ ಮಡಚಿದ್ದು. ಮಂಗಳೂರಿನಲ್ಲಿ ನಾನು ದಿನಕ್ಕೆ ನೂರಾರು ಮಡಚುತ್ತಿದ್ದ ಹಾಗೆಯೇ ಇದನ್ನು ಯಾರೋ ನಮಗಿಂತ ಮೊದಲು ಮಡಚಿದ್ದರು. ಮಡಚಿದ್ದನ್ನು ಬಿಚ್ಚಲು ಚಾಕು ಏಕೆ ಬೇಕು?

ಮೇಜು ಒರೆಸಿ, ಬಿಳಿ ಕಾಗದ ಹಾಸಿ, ಮೂರು ಮಡಿಕೆಯನ್ನೂ ನಿಧಾನವಾಗಿ ಬಿಚ್ಚಿದೆ. ಹಾಳೆ ಒಂದೇ ಒಂದು ಕಡೆಯೂ ಹರಿಯದೆ ಮೇಜಿನ ತುಂಬ ಹರಡಿತು. ಎಂಟು ಪುಟ ಕಣ್ಣೆದುರಿಗೆ, ಎಂಟು ಪುಟ ಅಡಿಯಲ್ಲಿ. ಇಷ್ಟು ಪದವಿ ಪಡೆದ ಜನ ಆರು ತಿಂಗಳು ಚರ್ಚೆ ಮಾಡಿದ್ದರು. ಒಬ್ಬರಿಗಾದರೂ ಹೊಳೆದಿರಲಿಲ್ಲ, ಏಕೆಂದರೆ ಅವರಲ್ಲಿ ಯಾರೂ ಜೀವಮಾನದಲ್ಲಿ ಒಂದು ಫಾರಂ ಮಡಚಿದವರಲ್ಲ.

ಸಾಮಿಯಾಳನ್ನು ಕರೆದೆ. ಅವಳು ಬಾಗಿಲಲ್ಲೇ ನಿಂತಳು. ಪುಟಗಳ ಕ್ರಮ ಅವಳಿಗೆ ಸಿಗಲಿಲ್ಲ. ಒಂದು ಇಲ್ಲಿ, ಎರಡು ಮೂರು ಹಿಂದೆ, ನಾಲ್ಕು ಐದು ಮತ್ತೆ ಇಲ್ಲಿ ಎಂದು ನಾನು ಹೇಳುತ್ತ ಹಾಳೆ ತಿರುಗಿಸಿಕೊಟ್ಟೆ. ತಲೆಕೆಳಗಾದ ಪುಟ ಬಂದಾಗ ಅವಳು ಮೇಜನ್ನು ಸುತ್ತು ಹಾಕಿ ಆಚೆ ಬದಿಗೆ ಹೋಗಿ ಓದಿದಳು. ಮೂರು ಫಾರಂ ಮುಗಿಯಲು ಮಧ್ಯಾಹ್ನವಾಯಿತು. ಮೊದಮೊದಲು ಅವಳು ನಗುತ್ತಿದ್ದಳು. ಎರಡನೆಯ ಫಾರಂನಲ್ಲಿ ನಗು ನಿಂತಿತು. ಕೊನೆಗೆ ಎಲ್ಲವನ್ನೂ ನೋಟುಪುಸ್ತಕದಲ್ಲಿ ಬರೆದುಕೊಂಡು, ಇವನು ಗೌರವದಿಂದ ಬರೆದಿಲ್ಲ ಎಂದಷ್ಟೇ ಹೇಳಿದಳು. ನಾನು ಮೂರನ್ನೂ ಹಳೆಯ ಮಡಿಕೆಯ ಗೆರೆಯಲ್ಲೇ ಮಡಚಿ, ಸಂಜೆಯೊಳಗೆ ಇಡೀ ಪುಸ್ತಕ ಹೊಲಿದೆ. ಹಾಳೆಗಳು ಮುಚ್ಚಿಯೇ ಇದ್ದವು.

ಸಾಮಿಯಾ ಕನ್ಸಲ್ಟೆಂಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ಚೀಟಿ ಬದಲಿಸಿದರೆ ಸಹಿ ಹಾಕುತ್ತೇನೆ ಎಂದಳು. ಅವರ ಉತ್ತರವನ್ನು ಅವಳು ನನಗೆ ಹೇಳಿದ್ದು ಹೀಗೆ. ಪುಸ್ತಕ ಮುಚ್ಚಿದೆ. ಮುಚ್ಚಿದ ಪುಸ್ತಕದಲ್ಲಿ ಏನಿದೆಯೆಂದು ಯಾರೂ ಕೇಳುವುದಿಲ್ಲ. ಚೀಟಿ ಹೀಗೇ ಇರುತ್ತದೆ.

ಆ ಗುರುವಾರ ಮನೆತನದ ಹಿರಿಯರು, ನಮ್ಮ ಅರ್ಬಾಬ್, ಬಂದರು. ಗಲ್ಫಿನಲ್ಲಿ ಕೆಲಸದವರು ಯಜಮಾನರನ್ನು ಕರೆಯುವುದೇ ಹಾಗೆ. ಎಂಬತ್ತು ದಾಟಿದ್ದ ಅವರು ಗಾಲಿಕುರ್ಚಿಯಲ್ಲಿ ಬಂದು ನನ್ನ ಕೋಣೆಯಲ್ಲಿ ಅರ್ಧ ಗಂಟೆ ಕುಳಿತು ಹೊಲಿಗೆ ನೋಡಿ ಹೋಗುವುದು ರೂಢಿ. ಅವರ ತಂದೆ ಮುತ್ತಿಗಾಗಿ ಮುಳುಗುತ್ತಿದ್ದವರು. ವ್ಯವಹಾರ ಬೆಳೆದದ್ದು ಇವರ ಕಾಲದಲ್ಲಿ. ಈಗ ಆಫೀಸನ್ನೆಲ್ಲ ಅಣ್ಣನ ಮಗ ನೋಡುತ್ತಿದ್ದರು. ಯಾರನ್ನು ತೆಗೆಯುತ್ತಾರೆ, ಯಾರನ್ನು ಇಡುತ್ತಾರೆ ಎನ್ನುವುದು ಅರ್ಬಾಬರವರೆಗೆ ಹೋಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಮುಂಬಯಿಯಲ್ಲಿದ್ದವರಾದ್ದರಿಂದ ನನ್ನೊಡನೆ ಹಿಂದಿಯಲ್ಲೇ ಮಾತನಾಡುತ್ತಿದ್ದರು.

ಅಂದು ಕನ್ಸಲ್ಟೆಂಟ್ ಜೊತೆಯಲ್ಲೇ ಇದ್ದರು. ಸಾಮಿಯಾ ಮೂಲೆಯ ಮೇಜಿನಲ್ಲಿದ್ದಳು. ಅರ್ಬಾಬ್ ಆ ಹಳದಿ ಪುಸ್ತಕವನ್ನು ಕೈಗೆತ್ತಿಕೊಂಡು, ಇದರಲ್ಲಿ ನಮ್ಮವರ ಬಗ್ಗೆ ಏನು ಬರೆದಿದ್ದಾನೆ ಎಂದು ಕೇಳಿದರು. ತುಂಬ ಪ್ರೀತಿಯಿಂದ, ತುಂಬ ಗೌರವದಿಂದ ಎಂದು ಕನ್ಸಲ್ಟೆಂಟ್ ಒಂದು ಕ್ಷಣವೂ ತಡೆಯದೆ ಹೇಳಿದರು. ನನ್ನ ಬಾಯಲ್ಲಿ ಆಗ ನೂಲಿರಲಿಲ್ಲ.

"ಅರ್ಬಾಬ್, ಅವರು ಅದನ್ನು ಓದಿಲ್ಲ" ಎಂದೆ. "ಓದಿದವಳು ಸಾಮಿಯಾ."

ಸಾಮಿಯಾ ಹೇಳಿ ಎಲ್ಲ ಗೊತ್ತಿದ್ದರೂ, ಹಾಳೆ ಮುಚ್ಚಿದೆಯಲ್ಲ, ಹೇಗೆ ಸಾಧ್ಯ ಎಂದು ಕನ್ಸಲ್ಟೆಂಟ್ ಇಂಗ್ಲಿಷಿನಲ್ಲಿ ಎಗರಿದರು. ನಾನು ರದ್ದಿ ಕಾಗದ ತೆಗೆದು ಮೂರು ಸಲ ಮಡಚಿ, ಬಿಚ್ಚಿ, ಮತ್ತೆ ಮಡಚಿ ತೋರಿಸಿದೆ. ಅವರೇ ಸಹಿ ಹಾಕಿದ ಕೆಲಸದ ಹಾಳೆಯನ್ನೂ ಮುಂದಿಟ್ಟೆ. ಅರ್ಬಾಬ್ ಕಾ‌ಗದವನ್ನು ತಾವೇ ಒಮ್ಮೆ ಮಡಚಿ ಬಿಚ್ಚಿ ನೋಡಿದರು. ಆಮೇಲೆ ಸಾಮಿಯಾಳ ಕಡೆ ಕೈ ತೋರಿಸಿ, ಓದು ಎಂದರು.

ಅವಳು ಎದ್ದು ನಿಂತು ನೋಟುಪುಸ್ತಕದಿಂದ ಅರಬ್ಬಿಯಲ್ಲಿ ಓದಿದಳು. ಅಷ್ಟರಲ್ಲಿ ಚಹಾದ ಹೊತ್ತಿಗೆ ಅವಳೇ ಹೇಳಿದ್ದರಿಂದ ನನಗೆ ಕಥೆ ಗೊತ್ತಿತ್ತು. ಇನ್ಸ್‌ಪೆಕ್ಟರ್ ಮುತ್ತಿನ ಊರಿಗೆ ಬರುತ್ತಾನೆ. ಮುತ್ತು ತೂಗುವ ಪುಟ್ಟ ತಕ್ಕಡಿಯಲ್ಲಿ ಅವನಿಗೆ ದೋಷ ಕಾಣುವುದಿಲ್ಲ. ದಂಡ ಹಾಕದೆ ಹೋಗುವುದು ಹೇಗೆ? ದೋಣಿಗಳು ಹೊರಡುವಾಗ ಮುಳುಗುವವರನ್ನೆಲ್ಲ ಖರ್ಜೂರದ ಮೂಟೆ ತೂಗುವ ದೊಡ್ಡ ತಕ್ಕಡಿಯಲ್ಲಿ ಕೂರಿಸಿ ತೂಗುತ್ತಾನೆ. ನಾಲ್ಕು ತಿಂಗಳ ಮೇಲೆ ದೋಣಿ ಮರಳಿದಾಗ ಮತ್ತೆ ತೂಗುತ್ತಾನೆ. ಒಬ್ಬೊಬ್ಬನಲ್ಲೂ ಹತ್ತು ಹನ್ನೆರಡು ಕಿಲೋ ಕಡಿಮೆ. ಇಬ್ಬರು ತೂಕಕ್ಕೆ ಬರುವುದೇ ಇಲ್ಲ. ಇಷ್ಟು ಮನುಷ್ಯರ ಮಾಂಸ ಎಲ್ಲಿ ಹೋಯಿತು, ಲೆಕ್ಕ ಕೊಡು ಎಂದು ಅವನು ದೋಣಿಯ ಯಜಮಾನನಿಗೆ ದಂಡ ಹಾಕುತ್ತಾನೆ. ಲೇಖಕ ಇದನ್ನು ಬರೆದದ್ದು ನಗಿಸಲು. ಮುಳುಗುವವರನ್ನು ಒಣಮೀನು ಎನ್ನುತ್ತಾನೆ, ತಕ್ಕಡಿಯಲ್ಲಿ ಕೂತ ಮಂಗಗಳು ಎನ್ನುತ್ತಾನೆ. ಊರಿಗೆ ಊರೇ ಬಿದ್ದು ಬಿದ್ದು ನಗುತ್ತದೆ.

ಸಾಮಿಯಾ ಆ ಮಾತುಗಳಲ್ಲಿ ಒಂದನ್ನೂ ಬಿಡಲಿಲ್ಲ. ಓದಿ ಮುಗಿಸಿದಾಗ ಅವಳ ಕುತ್ತಿಗೆ ಕೆಂಪಾಗಿತ್ತು.

ಅರ್ಬಾಬ್ ಮಡಚಿದ ರದ್ದಿ ಕಾಗದವನ್ನು ಮೇಜಿನ ಮೇಲಿಟ್ಟರು. ಇದು ನಗೆಯ ಪುಸ್ತಕವೇ ಎಂದು ಕೇಳಿದರು. ಹೌದು ಎಂದಳು.

"ನನ್ನ ಅಪ್ಪನನ್ನು ಯಾರೂ ತೂಗಲಿಲ್ಲ" ಎಂದರು ಅವರು. "ಮುತ್ತನ್ನು ಮಾತ್ರ ತೂಗಿದರು."

ಆಮೇಲೆ ಕನ್ಸಲ್ಟೆಂಟರಿಗೆ, ಚೀಟಿಯಲ್ಲಿ ಈ ಹುಡುಗಿ ಓದಿದ್ದೇ ಇರಬೇಕು, ಮಂಗ ಎಂದದ್ದೂ ಇರಬೇಕು, ನನ್ನ ಮಾತೂ ಇರಬೇಕು, ಖಲಾಸ್ ಎಂದರು. ಅವರು ತಲೆ ಬಗ್ಗಿಸಿ ಬರೆದುಕೊಂಡರು. ಗೆದ್ದೆವು ಎಂದುಕೊಂಡೆ. ಗಾಲಿಕುರ್ಚಿ ತಿರುಗಿಸುವ ಮೊದಲು ಅರ್ಬಾಬ್ ನನ್ನನ್ನು ನೋಡಿ, ಬೇರೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು.

ಆಫೀಸಿನ ಪತ್ರ ಇನ್ನೂ ನನ್ನ ಮೇಜಿನ ಖಾನೆಯಲ್ಲೇ ಇತ್ತು, ಸಾಮಿಯಾ ಅಂದು ಬಿಟ್ಟು ಹೋದದ್ದನ್ನು ನಾನೇ ಒಳಗಿಟ್ಟಿದ್ದೆ. ಅದನ್ನು ತೆಗೆದು ಕೊಟ್ಟಿದ್ದರೆ ಸಾಕಿತ್ತು. ಚೀಟಿಯೇ ಬದಲಾದ ಮೇಲೆ ಪತ್ರಕ್ಕೆ ಅರ್ಥವಿಲ್ಲ ಎಂದುಕೊಂಡೆ. ಒಂದೇ ದಿನ ಎರಡು ದೂರು ಹೇಳಿದರೆ ಚೆನ್ನಾಗಿರುವುದಿಲ್ಲ ಎಂದೂ ಅನ್ನಿಸಿತು. ನಿಜ ಹೇಳಬೇಕೆಂದರೆ ಬಾಗಿಲ ಹತ್ತಿರ ನಿಂತಿದ್ದ ಕನ್ಸಲ್ಟೆಂಟರ ಮುಖ ನೋಡಿ ನನ್ನ ಕೆಲಸದ ಯೋಚನೆಯೂ ಬಂತು. ಇಲ್ಲ ಅರ್ಬಾಬ್ ಎಂದೆ.

ಪ್ರದರ್ಶನದಲ್ಲಿ ಆ ಪುಸ್ತಕದ ಮುಂದೆಯೇ ಹೆಚ್ಚು ಜನ. ಚೀಟಿಯಲ್ಲಿ ಎಲ್ಲವೂ ಇತ್ತು, ಕೆಳಗೆ ಸಂಶೋಧನೆ ಎಂದು ಕನ್ಸಲ್ಟೆಂಟರ ಹೆಸರಿತ್ತು. ಮುಚ್ಚಿದ ಪುಸ್ತಕವನ್ನು ಕತ್ತರಿಸದೆ ಓದಿದ್ದು ಹೇಗೆ ಎಂದು ಅವರು ಅತಿಥಿಗಳಿಗೆ ಕಾಗದ ಮಡಚಿ ತೋರಿಸಿದರು. ಮೂರನೆಯ ಮಡಿಕೆ ತಪ್ಪಿತು, ಯಾರಿಗೂ ಗೊತ್ತಾಗಲಿಲ್ಲ. ತಿಂಗಳ ಕೊನೆಗೆ ಸಾಮಿಯಾಳ ಕಾಂಟ್ರ್ಯಾಕ್ಟ್ ಮುಗಿಯಿತು. ಸಹಿ ಹಾಕಲು ನಿರಾಕರಿಸಿದ್ದು ಶಿಸ್ತಿನ ವಿಷಯ, ಚೀಟಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಆಫೀಸಿನವರು ಹೇಳಿದರು. ಹಮೀದ್ ಅವಳನ್ನು ಏರ್‌ಪೋರ್ಟಿಗೆ ಬಿಟ್ಟು ಬಂದವರು ಎರಡು ದಿನ ಚಹಾಕ್ಕೆ ಬರಲಿಲ್ಲ.

ಆ ಬೇಸಿಗೆಯೆಲ್ಲ ಅರ್ಬಾಬ್ ಆಸ್ಪತ್ರೆಯಲ್ಲಿದ್ದರು. ಬಿಸಿಲು ಇಳಿದ ಮೇಲೆ ಒಂದು ಗುರುವಾರ ಬಂದು ಎಂದಿನ ಹಾಗೆ ನನ್ನ ಎದುರು ಕುಳಿತರು. ಮೂಲೆಯ ಮೇಜು ನೋಡಿ, ಓದಿದ ಹುಡುಗಿ ಎಲ್ಲಿ ಎಂದು ಕೇಳಿದರು. ತೆಗೆದುಹಾಕಿದರು ಎಂದೆ. ಯಾವಾಗ, ಯಾಕೆ ಎಂದು ಕೇಳಿದರು. ಈ ಸಲ ಎಲ್ಲವನ್ನೂ ಹೇಳಿದೆ, ಪತ್ರ ಮೊದಲೇ ಬಂದಿತ್ತು ಎನ್ನುವುದನ್ನೂ. ನನ್ನ ಸಿಟ್ಟೆಲ್ಲ ಅವರ ಮುಂದೆ ಸುರಿದೆ. ಕನ್ಸಲ್ಟೆಂಟ್, ಆಫೀಸು, ಅಣ್ಣನ ಮಗ, ಯಾರನ್ನೂ ಬಿಡಲಿಲ್ಲ.

ಅವರು ಕೊನೆಯವರೆಗೆ ಕೇಳಿಸಿಕೊಂಡು ಹೇಳಿದರು, "ಆ ದಿನ ನಾನು ನಿನ್ನನ್ನು ಕೇಳಿದ್ದೆನಲ್ಲ, ಬೇರೆ ಏನಾದರೂ ಇದೆಯೇ ಅಂತ."